ಕುಡಿತ ಬಿಟ್ಟ ಮೇಲೆ ಎದ್ದು ಬರುವ ಬಾಲ್ಯ

ಮಂಗಳೂರಿನಲ್ಲಿ ಕುಡಿತ ಬಿಡುವುದಕ್ಕೂ ಒಂದು ಕಾಲ ಇದೆ. ಶಬರಿಮಲೆಗೆ ಮಾಲೆ ಹಾಕಿದ ಮೇಲೆ 41 ದಿನ ಬಾಟಲಿಯ ಕಡೆ ತಿರುಗಿಯೂ ನೋಡದವರು ಓಣಿಗೊಬ್ಬರು ಸಿಗುತ್ತಾರೆ. ಕ್ರೈಸ್ತರ ಮನೆಗಳಲ್ಲಿ ತಪಸ್ಸು ಕಾಲದ 40 ದಿನ ಹಾಗೆಯೇ ಕಳೆಯುತ್ತದೆ. ರಂಜಾನ್ ತಿಂಗಳಲ್ಲಿ ಹಗಲಿಡೀ ಸಿಗರೇಟು, ಗುಟ್ಕಾ ಮುಟ್ಟದವರಿದ್ದಾರೆ. ಮಾಲೆ ತೆಗೆದ ವಾರದೊಳಗೆ ಮತ್ತೆ ಅದೇ ಬಾರು, ಅದೇ ಮೇಜು. ಆಗ ಮನೆಯವರು ‘ಇವನಿಗೆ ಮನಸ್ಸು ಗಟ್ಟಿ ಇಲ್ಲ’ ಎನ್ನುತ್ತಾರೆ.

41 ದಿನ ಬಿಟ್ಟು ತೋರಿಸಿದವನ ಮನಸ್ಸು ಗಟ್ಟಿ ಇಲ್ಲ ಎನ್ನುವುದು ಹೇಗೆ? ವ್ರತದ ದಿನಗಳಲ್ಲಿ ಕುಡಿತದ ಜಾಗವನ್ನು ಬೇರೆ ಸಂಗತಿಗಳು ತುಂಬಿದ್ದವು. ಬೆಳಗಿನ ತಣ್ಣೀರು ಸ್ನಾನವಿತ್ತು, ಸಂಜೆಯ ಭಜನೆಯಿತ್ತು, ‘ಸ್ವಾಮಿ’ ಎಂದು ಮರ್ಯಾದೆಯಿಂದ ಕರೆಯುವ ಜೊತೆಗಾರರಿದ್ದರು. ಮಾಲೆಯ ಜೊತೆಗೆ ಅದಷ್ಟೂ ಹೋಯಿತು. ಉಳಿದದ್ದು ರಾತ್ರಿ, ಮತ್ತು ರಾತ್ರಿ ಬಂದೊಡನೆ ಎದ್ದು ಕೂರುವ ನೆನಪುಗಳು.

ಎಲ್ಲರ ಕಥೆಯೂ ಹೀಗಿರುವುದಿಲ್ಲ. ಆದರೆ ಚಟಕ್ಕೆ ಸಿಕ್ಕಿದವರಲ್ಲಿ ಅನೇಕರ ಕುಡಿತದ ಕೆಳಗೆ ಬಾಲ್ಯದ ಒಂದು ಗಾಯ ಇರುತ್ತದೆ. ಕುಡಿತ ಬಿಡಿಸಲು ಮನೆಯವರು ಎಷ್ಟೋ ಸಿದ್ಧತೆ ಮಾಡುತ್ತಾರೆ. ಬಿಟ್ಟ ಮೇಲೆ ಮೇಲೆದ್ದು ಬರುವ ಆ ಗಾಯಕ್ಕೆ ಸಿದ್ಧತೆ ಮಾಡುವವರು ತೀರಾ ಕಡಿಮೆ. ಈ ಲೇಖನ ಆ ಸಿದ್ಧತೆಗಾಗಿ.

ಈ ನಂಟು ವೈದ್ಯಲೋಕದ ಕಣ್ಣಿಗೆ ಬಿದ್ದದ್ದು ಹೆಂಡದಂಗಡಿಯಿಂದ ಬಹು ದೂರದಲ್ಲಿ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರು ಬೊಜ್ಜು ಕರಗಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ನಡುವೆ ಬಿಟ್ಟು ಹೋಗುತ್ತಿದ್ದರು. ಏಕೆಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ, ಅನೇಕರು ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ತಿಳಿಯಿತು. ತಿನ್ನುವುದು ಅವರಿಗೆ ಸಮಾಧಾನವಾಗಿತ್ತು, ದಪ್ಪ ಮೈ ರಕ್ಷಣೆಯಾಗಿತ್ತು. ಮೈ ಕರಗಿದಂತೆ ಭಯ ಮರಳುತ್ತಿತ್ತು. ಮುಂದೆ ಫೆಲಿಟ್ಟಿ ಮತ್ತು ಸಂಶೋಧಕ ರಾಬರ್ಟ್ ಆಂಡಾ ಸೇರಿ ಸಾವಿರಾರು ವಯಸ್ಕರ ಬಾಲ್ಯದ ಬಗ್ಗೆ ಕೇಳಿ, 1998ರಲ್ಲಿ ಮೊದಲ ವರದಿ ಪ್ರಕಟಿಸಿದರು. ಅವರು ಕೇಳಿದ್ದು ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಿಂಸೆ, ಮನೆಯಲ್ಲಿ ಕುಡಿತ, ಮಾನಸಿಕ ಕಾಯಿಲೆ, ಜೈಲುವಾಸ ಎಂಬ ಏಳು ಬಗೆಯ ಕಷ್ಟಗಳ ಬಗ್ಗೆ. ನಾಲ್ಕು ಅಥವಾ ಹೆಚ್ಚು ಬಗೆಯನ್ನು ಕಂಡವರಲ್ಲಿ ಮದ್ಯವ್ಯಸನ, ಮಾದಕ ವಸ್ತುಗಳ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ಇವುಗಳಲ್ಲಿ ಒಂದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು.

ಈ ಅಂಕಿಯನ್ನು ಯಾರೂ ಹಣೆಬರಹ ಎಂದು ಓದಬಾರದು. ನಾಲ್ಕಲ್ಲ, ಆರು ಬಗೆಯ ಕಷ್ಟ ಕಂಡೂ ಒಂದು ಹನಿ ಮುಟ್ಟದವರಿದ್ದಾರೆ; ಸುಖವಾದ ಮನೆಯಲ್ಲಿ ಬೆಳೆದೂ ಚಟಕ್ಕೆ ಬಿದ್ದವರಿದ್ದಾರೆ. ವಂಶವಾಹಿ, ಗೆಳೆಯರು, ಕೈಗೆ ಸುಲಭವಾಗಿ ಸಿಗುವ ಮದ್ಯ ಎಲ್ಲದರ ಪಾಲೂ ಇದರಲ್ಲಿದೆ.

ಬಾಲ್ಯ ಮೈಯೊಳಗೆ ಹೇಗೆ ಉಳಿಯುತ್ತದೆ? ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ಎಂಟೂವರೆ. ಏಳು ವರ್ಷದ ಹುಡುಗ ಪುಸ್ತಕ ತೆರೆದು ಕೂತಿದ್ದಾನೆ, ಓದುತ್ತಿಲ್ಲ. ಅವನ ಕಿವಿ ಗೇಟಿನ ಮೇಲಿದೆ. ಚಿಲಕ ಮೆಲ್ಲಗೆ ಸರಿದರೆ ಅಪ್ಪ ಸರಿಯಾಗಿದ್ದಾರೆ. ಚಿಲಕ ಸಿಗದೆ ಗೇಟು ಎರಡು ಸಲ ಬಡಿದರೆ ಅಮ್ಮನಿಗೆ ಪೆಟ್ಟು ಬೀಳುವ ರಾತ್ರಿ. ತಂಗಿಯನ್ನು ಒಳಗೆ ಕರೆದುಕೊಂಡು ಹೋಗಬೇಕು. ಅಪಾಯ ಬಂದಾಗ ಎದೆ ಬಡಿತ ಏರುವುದು, ಕಾರ್ಟಿಸಾಲ್ ಎಂಬ ರಸದೂತ ಹರಿಯುವುದು, ಅಪಾಯ ಕಳೆದ ಮೇಲೆ ಇಳಿಯುವುದು ದೇಹದ ಸಹಜ ಕ್ರಮ. ಇಳಿಯಲು ಬಿಡುವೇ ಸಿಗದೆ ವರ್ಷಗಟ್ಟಲೆ ಹೀಗೆ ನಡೆದರೆ ಬೆಳೆಯುವ ಮಿದುಳು ಸದಾ ಎಚ್ಚರದಲ್ಲಿರುವುದನ್ನೇ ಕಲಿಯುತ್ತದೆ. ಆ ಹುಡುಗ ದೊಡ್ಡವನಾಗಿ ಬಂದರಿನಲ್ಲೋ ಬ್ಯಾಂಕಿನಲ್ಲೋ ಕೆಲಸಕ್ಕೆ ಸೇರಿ, ಗೆಳೆಯರ ಜೊತೆ ಮೊದಲ ಸಲ ಕುಡಿದಾಗ, ಬೇರೆಯವರಿಗೆ ಮಜಾ ಸಿಕ್ಕಿದರೆ ಇವನಿಗೆ ಸಿಗುವುದು ನೆಮ್ಮದಿ. ಮಿದುಳಿನ ಉದ್ವೇಗವನ್ನು ಮದ್ಯ ಒಮ್ಮೆಲೇ ತಗ್ಗಿಸುತ್ತದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕಿವಿ ಗೇಟಿನಿಂದ ಈಚೆ ಬರುತ್ತದೆ. ಆ ನೆಮ್ಮದಿಯನ್ನು ಮೈ ಮರೆಯುವುದಿಲ್ಲ. ಕೆಲವು ವರ್ಷಗಳಲ್ಲಿ ಅದೇ ನೆಮ್ಮದಿಗೆ ಎರಡು ಪಟ್ಟು ಕುಡಿಯಬೇಕಾಗುತ್ತದೆ. ಕೊನೆಗೆ ಕುಡಿಯದಿದ್ದರೆ ಮೊದಲಿಗಿಂತ ಹೆಚ್ಚು ತಳಮಳ.

ಆಘಾತ ಎಂದೊಡನೆ ನಮಗೆ ದೊಡ್ಡ ದುರಂತಗಳೇ ನೆನಪಾಗುತ್ತವೆ. ಕರಾವಳಿಯ ಮನೆಗಳಲ್ಲಿ ಅದಕ್ಕೆ ಬೇರೆ ಮುಖಗಳೂ ಇವೆ. ಶಾಲೆಯಲ್ಲೂ ಮನೆಯಲ್ಲೂ ನಾಗರಬೆತ್ತದ ಪೆಟ್ಟು ತಿಂದು ‘ಅದರಿಂದಲೇ ನಾವು ಮನುಷ್ಯರಾದದ್ದು’ ಎನ್ನುವವರು ಒಂದು ತಲೆಮಾರಿಡೀ ಇದ್ದಾರೆ. ಮೀಸೆ ಮೂಡುವ ಮೊದಲೇ ಬೊಂಬಾಯಿಯ ಹೋಟೆಲಿಗೆ ಹೋಗಿ, ಟೇಬಲ್ ಒರೆಸಿ, ರಾತ್ರಿ ಹೋಟೆಲಿನಲ್ಲೇ ಮಲಗಿ ಬೆಳೆದ ಹುಡುಗರಿದ್ದರು. ಅಲ್ಲಿ ಏನಾಯಿತೆಂದು ಊರಿಗೆ ಬಂದ ಮೇಲೆ ಅವರನ್ನು ಯಾರೂ ಕೇಳಲಿಲ್ಲ. ಅಪ್ಪ ಗಲ್ಫಿನಲ್ಲಿದ್ದು, ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಬೆಳೆದವರಿದ್ದಾರೆ. ಇನ್ನು ಲೈಂಗಿಕ ದೌರ್ಜನ್ಯದ ಮಾತು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ಕಿರುಕುಳವನ್ನು ಹೇಳಿಕೊಂಡಿದ್ದರು. ಅವರಲ್ಲಿ ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳಿಗಿಂತ ಕಡಿಮೆಯೇನೂ ಇರಲಿಲ್ಲ. ನಮ್ಮಲ್ಲಿ ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದು ತೀರಾ ಅಪರೂಪ.

ನಿಮ್ಮದೇ ವಿಷಯದಲ್ಲಿ ಗುರುತಿಸಿಕೊಳ್ಳುವುದು ಹೇಗೆ? ಸಂತೋಷಕ್ಕಿಂತ ನಿದ್ದೆಗಾಗಿ, ಮರೆಯುವುದಕ್ಕಾಗಿ ಕುಡಿಯುತ್ತೀರಿ. ಬಿಟ್ಟ ವಾರದಲ್ಲೇ ಕೆಟ್ಟ ಕನಸುಗಳು ಬರುತ್ತವೆ. ಯಾರಾದರೂ ಹಿಂದಿನಿಂದ ಹೆಗಲು ಮುಟ್ಟಿದರೆ, ಬಾಗಿಲು ಜೋರಾಗಿ ಹಾಕಿದರೆ ಮೈ ಬೆಚ್ಚಿ ಬೀಳುತ್ತದೆ. ಸಣ್ಣ ಮಾತಿಗೆ ಏರಿದ ಸಿಟ್ಟು ಗಂಟೆಗಟ್ಟಲೆ ಇಳಿಯುವುದಿಲ್ಲ. ಬಾಲ್ಯದ ಕೆಲವು ವರ್ಷಗಳು ನೆನಪಿನಲ್ಲೇ ಇಲ್ಲ. ಇವುಗಳಲ್ಲಿ ಎರಡು ಮೂರು ನಿಮ್ಮವೇ ಎನಿಸಿದರೆ ವೈದ್ಯರ ಬಳಿ ಆ ಮಾತನ್ನೂ ತೆಗೆಯಿರಿ. ಹೆಂಗಸರಲ್ಲಿ ಇದೇ ಗಾಯ ಎಷ್ಟೋ ಸಲ ನಿದ್ದೆ ಮಾತ್ರೆಯ, ನೋವಿನ ಮಾತ್ರೆಯ ಅಭ್ಯಾಸವಾಗಿ ಅಡಗಿರುತ್ತದೆ. ಮಾತ್ರೆಯಲ್ಲಿ ವಾಸನೆ ಬರುವುದಿಲ್ಲವಾದ್ದರಿಂದ ಮನೆಯವರಿಗೂ ತಿಳಿಯುವುದಿಲ್ಲ. ಹುಡುಗರಲ್ಲಿ ಆನ್‌ಲೈನ್ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಆಗಿಯೂ ಬರಬಹುದು.

ಚಟದ ಮಾತು ಬಂದಾಗ ಮಂಗಳೂರಿನ ಹೆಸರು ಸುದ್ದಿಯಲ್ಲಿ ಬರುವುದು ದೊಡ್ಡ ಡ್ರಗ್ಸ್ ಪ್ರಕರಣಗಳಿಗೆ. 2025ರ ಮಾರ್ಚಿನಲ್ಲಿ ನಗರ ಪೊಲೀಸರು 37 ಕಿಲೋ ಎಂಡಿಎಂಎ ಹಿಡಿದಾಗ ದೇಶವೇ ತಿರುಗಿ ನೋಡಿತು. ಅದು ಗಂಭೀರ ವಿಷಯವೇ. ಆದರೆ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರು ಶೇ 14.6, ಗಾಂಜಾ-ಭಂಗಿ ಬಳಸುವವರು ಶೇ 2.8. ಮನೆಗಳನ್ನು ಹೆಚ್ಚು ಒಡೆಯುತ್ತಿರುವುದು ಲೈಸೆನ್ಸ್ ಇರುವ ಬಾಟಲಿಯೇ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿ ಸಾರಾಯಿ ಗಡಂಗುಗಳು ಮುಚ್ಚಿದವು, ಕುಡಿತ ಮುಚ್ಚಲಿಲ್ಲ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಮೊದಲನೆಯ ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು: ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ, ಮನೆಯಲ್ಲೇ ನಿಲ್ಲಿಸಬಾರದು. ಮಾಲೆ ಹಾಕುವ ದಿನಕ್ಕೂ ಈ ಮಾತು ಅನ್ವಯಿಸುತ್ತದೆ. ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಹೊತ್ತು ಗೊತ್ತು ತಪ್ಪುತ್ತದೆ. ಇದು ‘ಸೋಂಕು ತಾಗಿದ್ದು’ ಅಲ್ಲ, ಡೆಲಿರಿಯಂ. ತಡಮಾಡಿದರೆ ಸಾವೂ ಸಂಭವಿಸಬಹುದು. ಆಸ್ಪತ್ರೆಯಲ್ಲಿ ನಡುಕ ಇಳಿಸುವ ಔಷಧ, ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ.

ಎರಡನೆಯದು, ‘ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂದು ಮಾರುವ ಪುಡಿ. ಗಂಡನ ಸಾರಿಗೆ ಇಂಥ ಪುಡಿ ಬೆರೆಸುವ ಹೆಂಡತಿಯ ಸಂಕಟ ಅರ್ಥವಾಗುವಂಥದ್ದೇ. ಆದರೂ ದಯವಿಟ್ಟು ಬೇಡ. ಅದರಲ್ಲಿ ಏನಿದೆಯೆಂದು ತಿಳಿಯುವ ದಾರಿಯಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಪುಡಿಮಾಡಿ ಗುಟ್ಟಾಗಿ ಬೆರೆಸುವವರೂ ಇದ್ದಾರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರ ಪ್ರಾಣಕ್ಕೇ ಅಪಾಯ. ಕುಡಿಯುವವರಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ವೈದ್ಯರು ಕೊಟ್ಟರೆ ಮಾತ್ರ ಅದು ಔಷಧ. ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳೂ ಇವೆ. ಬಚ್ಚಿಟ್ಟು ಕೊಡುವ ಅಗತ್ಯವೇ ಇಲ್ಲ.

ಎಲ್ಲಿಗೆ ಹೋಗಬೇಕು? ಈ ಒಂದು ವಿಷಯದಲ್ಲಿ ಮಂಗಳೂರಿನವರು ಅದೃಷ್ಟವಂತರು. ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಖರ್ಚು ಕಡಿಮೆ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಆರಂಭಿಸಿದ ಔಷಧಾಲಯದಿಂದ ಬೆಳೆದ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಕೆಎಂಸಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಹಳ್ಳಿಗಳ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಎಲ್ಲರಿಗೂ ಗೊತ್ತು. ಆ ಶಿಬಿರಗಳ ನಿಜವಾದ ಬಲ ಎಂಟು ದಿನಗಳಿಗಿಂತ ಹೆಚ್ಚಾಗಿ ಆಮೇಲೆ ಊರೂರಿನಲ್ಲಿ ಕೂಡುವ ನವಜೀವನ ಸಮಿತಿಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಶಿಬಿರಕ್ಕೆ ಹೋದವರಿಗೂ ಬಾಲ್ಯದ ಗಾಯವಿದ್ದರೆ ಮನೋವೈದ್ಯರ ಭೇಟಿ ಬೇರೆಯಾಗಿ ಬೇಕು.

‘ಕಂಕನಾಡಿಯಲ್ಲಿ ಯಾರಾದರೂ ನೋಡಿದರೆ?’ ಎಂಬ ಅಳುಕು ಈ ಊರಿನಲ್ಲಿ ಸಹಜ. ಎಲ್ಲರೂ ಎಲ್ಲರಿಗೂ ಎಲ್ಲೋ ಒಂದು ಕಡೆ ನೆಂಟರು. ಅಂಥವರು ಮನೆಯಿಂದಲೇ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್. ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ, ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆ ಎಂದೇ ಗಣಿಸುತ್ತದೆ. ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಮಗ ಗಾಂಜಾ ಸೇದುತ್ತಾನೆ, ಆಸ್ಪತ್ರೆಗೆ ಕರೆದೊಯ್ದರೆ ಕೇಸಾದೀತು ಎಂದು ಹೆದರುವ ಪೋಷಕರು ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮನ್ನು ತಿಳಿದಿರಬೇಕು. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದಾಗಿ ಅದನ್ನು ಪೂರೈಸಿದರೆ ಆತನಿಗೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ.

ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮೊದಲು ಮನೆಯವರು ಖುದ್ದಾಗಿ ಹೋಗಿ ನೋಡಿ, ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ಸೆಳೆತ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ಮನೆಯವರು ಭೇಟಿಯಾಗಬಹುದೇ? ಬಿಡುಗಡೆಯಾದ ಮೇಲೆ ಯಾರು ನೋಡಿಕೊಳ್ಳುತ್ತಾರೆ? ಈ ನಾಲ್ಕಕ್ಕೆ ನೇರ ಉತ್ತರ ಸಿಗದಿದ್ದರೆ ಮುಂದಿನ ಕೇಂದ್ರಕ್ಕೆ ನಡೆಯಿರಿ. ಹೊಡೆದು ಬಡಿದು ‘ಸರಿಮಾಡುವ’ ಜಾಗಗಳೂ ಇವೆ. ಸಂಕೋಲೆ ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅದಕ್ಕಿಂತ ಮುಖ್ಯವಾಗಿ, ಬೆತ್ತದ ಭಯದಲ್ಲಿ ಬೆಳೆದವನನ್ನು ಮತ್ತೆ ಬೆತ್ತದ ಕೆಳಗೆ ಹಾಕಿದರೆ ಅವನು ಹೊರಬಂದ ದಿನವೇ ಎಲ್ಲಿಗೆ ಹೋಗುತ್ತಾನೆಂದು ಹೇಳಬೇಕಾಗಿಲ್ಲ.

ಮೊದಲ ಭೇಟಿಯಲ್ಲಿ ಬಾಲ್ಯದ ಕಥೆಯನ್ನೆಲ್ಲ ಹೇಳಬೇಕೆಂದಿಲ್ಲ. ‘ಡಾಕ್ಟ್ರೇ, ಚಿಕ್ಕಂದಿನಲ್ಲಿ ಕೆಲವು ಆಗಿದೆ, ಈಗ ಹೇಳಲಿಕ್ಕೆ ಆಗುವುದಿಲ್ಲ’ ಎಂದರೆ ಸಾಕು. ಒಳ್ಳೆಯ ವೈದ್ಯರು ಅಲ್ಲಿಗೇ ನಿಲ್ಲಿಸಿ, ಬರೆದಿಟ್ಟುಕೊಳ್ಳುತ್ತಾರೆ. ‘ಮೊದಲು ವರ್ಷಗಟ್ಟಲೆ ಕುಡಿತ ಬಿಡಲಿ, ಹಳೆಯದನ್ನು ಆಮೇಲೆ ನೋಡೋಣ’ ಎಂಬ ಕ್ರಮ ಹಿಂದೆ ಇತ್ತು. ಎರಡಕ್ಕೂ ಜೊತೆಯಾಗಿ ಚಿಕಿತ್ಸೆ ಕೊಡಬಹುದೆಂಬುದು ಈಗಿನ ತಿಳಿವಳಿಕೆ. ಮೊದಲು ಮೈ ಸ್ಥಿಮಿತಕ್ಕೆ ಬರಬೇಕು, ನಿದ್ದೆ ಬರಬೇಕು, ತಳಮಳ ತಗ್ಗಿಸುವ ಉಪಾಯಗಳು ಕೈಗೂಡಬೇಕು. ನೆನಪುಗಳನ್ನು ತೆರೆಯುವುದು ಆಮೇಲೆ, ತರಬೇತಿ ಪಡೆದವರ ಎದುರು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ಚಿಕಿತ್ಸೆಗೆ ಶಿಫಾರಸು ಮಾಡಿದ ವಿಧಾನಗಳಲ್ಲಿ ಎರಡು: ಆಘಾತಕ್ಕಾಗಿಯೇ ರೂಪಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್. ಇವುಗಳಲ್ಲಿ ತರಬೇತಿ ಇದೆಯೇ ಎಂದು ಆಪ್ತಸಮಾಲೋಚಕರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಬಿಟ್ಟ ಮೇಲಿನ ಮೊದಲ ತಿಂಗಳುಗಳಲ್ಲಿ ರಾತ್ರಿಗಳನ್ನು ಕಾಯಬೇಕು. ಕುಡಿಯುವ ಆಸೆ ಸಾಮಾನ್ಯವಾಗಿ ಏರಿ, ತುದಿ ಮುಟ್ಟಿ, 20-30 ನಿಮಿಷಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಅರ್ಧ ಗಂಟೆಗೆ ಏನು ಮಾಡುವುದೆಂದು ಹಗಲಲ್ಲೇ ನಿಶ್ಚಯಿಸಿ: ಯಾರಿಗೆ ಫೋನು, ಯಾವ ದಾರಿಯಲ್ಲಿ ನಡಿಗೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕು ಆಸೆಯನ್ನು ಕೆರಳಿಸುತ್ತವೆ; ಸಂಜೆ ಆರಕ್ಕೇ ಹೊಟ್ಟೆ ತುಂಬ ತಿಂದರೆ ಒಂದಾದರೂ ಕಳೆಯಿತು. ಕೆಟ್ಟ ಕನಸಿನಿಂದ ಎದ್ದರೆ ದೀಪ ಹಾಕಿ. ಬರಿಗಾಲನ್ನು ನೆಲಕ್ಕೆ ಒತ್ತಿ, ನೆಲದ ತಂಪನ್ನು ಗಮನಿಸಿ. ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ: ಫ್ಯಾನು, ಕ್ಯಾಲೆಂಡರು, ತಂಬಿಗೆ, ಹೀಗೆ. ಆಮೇಲೆ ‘ನನಗೆ ಈಗ ನಲವತ್ತೆರಡು ವರ್ಷ. ಇದು ನನ್ನ ಮನೆ. ಬಾಗಿಲಿನ ಚಿಲಕ ನಾನೇ ಹಾಕಿದ್ದು’ ಎಂದು ನಿಮ್ಮ ವಯಸ್ಸು ಸೇರಿಸಿ ಹೇಳಿಕೊಳ್ಳಿ. ಹಳೆಯ ರಾತ್ರಿಯಲ್ಲಿ ಸಿಕ್ಕಿಕೊಂಡ ಮೈಯನ್ನು ಇವತ್ತಿಗೆ ಕರೆತರುವ ವಿಧಾನ ಇದು. ಚಿಕಿತ್ಸಕರು ಕಲಿಸುವುದೂ ಇದನ್ನೇ.

ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿ. ಮದುವೆ ಮನೆಯ ಮೆಹಂದಿ ರಾತ್ರಿ, ಕ್ರೈಸ್ತರ ಮದುವೆಗೆ ಮುಂಚಿನ ರೋಸ್, ಸಾವಿನ ಉತ್ತರಕ್ರಿಯೆಯಾದ ಬೊಜ್ಜದ ಹಿಂದಿನ ದಿನ. ಅದಕ್ಕಿಂತ ಕಷ್ಟವಾದದ್ದು ಕುಟುಂಬದ ಮನೆಯಲ್ಲಿ ದೈವಗಳಿಗೆ ನಡೆಯುವ ತಂಬಿಲ, ಕೋಲ. ಚಿಕ್ಕಂದಿನಲ್ಲಿ ಹಿಂಸೆ ಕೊಟ್ಟ ಮಾವನೋ ದೊಡ್ಡಪ್ಪನೋ ಅಲ್ಲಿ ಯಜಮಾನನ ಸ್ಥಾನದಲ್ಲಿ ಕೂತಿರುತ್ತಾರೆ, ಕಾಲಿಗೆ ಬೀಳಬೇಕಾಗುತ್ತದೆ. ಹೋಗಲೇಬೇಕಾದರೆ ಹಗಲು ಹೋಗಿ, ಪ್ರಸಾದ ತೆಗೆದುಕೊಂಡು ಹಗಲಲ್ಲೇ ಹೊರಡಿ, ವಿಷಯ ತಿಳಿದ ಒಬ್ಬರು ಜೊತೆಗಿರಲಿ. ಹೋಗದಿದ್ದರೆ ದೈವ ಮುನಿಯುತ್ತದೆಂದು ಹೆದರಿಸುವವರ ಮಾತಿಗೆ ನಿಮ್ಮ ಆರೋಗ್ಯವನ್ನು ಒತ್ತೆಯಿಡಬೇಡಿ.

1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಗುಂಪುಗಳು ಮಂಗಳೂರಿನಲ್ಲೂ ಸೇರುತ್ತವೆ. ಶುಲ್ಕವಿಲ್ಲ, ಊರು ಮನೆತನ ಕೇಳುವುದಿಲ್ಲ. ವ್ರತದ ದಿನಗಳ ಭಜನೆ, ಜೊತೆಗಾರರು ಕೊಟ್ಟದ್ದನ್ನು ಇಂಥ ಗುಂಪು ವರ್ಷವಿಡೀ ಕೊಡಬಲ್ಲದು. ನಡುವೆ ಒಮ್ಮೆ ಮತ್ತೆ ಕುಡಿದರೆ ಎಲ್ಲ ಮುಗಿಯಿತು ಎಂದಲ್ಲ; ಮರುದಿನ ಬೆಳಿಗ್ಗೆಯೇ ವೈದ್ಯರಿಗೋ ಗುಂಪಿನವರಿಗೋ ಹೇಳಿಬಿಡಿ.

ಮನೆಯವರಿಗೆ ಎರಡು ಮಾತು. ಕುಡಿದಿರುವಾಗ ಬುದ್ಧಿ ಹೇಳಬೇಡಿ, ಬೆಳಿಗ್ಗೆ ಹೇಳಿ. ‘ನಿನ್ನ ಅಪ್ಪನ ಹಾಗೇ ಆದೆ’ ಎಂಬ ಮಾತನ್ನಂತೂ ಎಂದೂ ಆಡಬೇಡಿ. ಆದರೆ ಗಂಡನ ಬಾಲ್ಯ ಎಷ್ಟೇ ಕಷ್ಟದ್ದಾಗಿರಲಿ, ಅವನ ಪೆಟ್ಟು ತಿನ್ನುವ ಹೊಣೆ ಹೆಂಡತಿಯದಲ್ಲ. ಅವನ ಗಾಯ ಕುಡಿತದ ಕಾರಣವನ್ನು ತಿಳಿಸುತ್ತದೆ, ಕೈ ಎತ್ತುವುದಕ್ಕೆ ಪರವಾನಗಿ ಕೊಡುವುದಿಲ್ಲ. ಹೆಂಗಸರ ಸಹಾಯವಾಣಿ 181, ತುರ್ತಿಗೆ 112.

ಇನ್ನು, ಈಗ ಅಂಥ ಮನೆಗಳಲ್ಲಿ ಗೇಟಿನ ಸದ್ದಿಗೆ ಕಿವಿಕೊಟ್ಟು ಕೂತಿರುವ ಮಕ್ಕಳು. ಇಂಥ ಮಕ್ಕಳನ್ನು ಮುಂದೆ ಕಾಪಾಡುವುದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ನಂಬಿಕೆಗೆ ಯೋಗ್ಯರಾದ ಒಬ್ಬ ಹಿರಿಯರದ್ದು. ಅಜ್ಜಿಯಾಗಬಹುದು, ಟೀಚರ್ ಆಗಬಹುದು, ಪಕ್ಕದ ಮನೆಯ ಆಂಟಿಯಾಗಬಹುದು. ಮಗುವಿಗೆ ಸುಳ್ಳು ಸಮಾಧಾನ ಬೇಡ. ‘ಅಪ್ಪನಿಗೆ ಕುಡಿತದ ಕಾಯಿಲೆ ಇದೆ ಮಗಾ. ಅದು ನಿನ್ನಿಂದ ಬಂದದ್ದಲ್ಲ, ನೀನು ಅದನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಹೆದರಿಕೆ ಆದರೆ ನಮ್ಮ ಮನೆಗೆ ಬಾ, ಯಾವ ಹೊತ್ತಿಗಾದರೂ’ ಎಂದು ಹೇಳಿ, ಬಂದಾಗ ಬಾಗಿಲು ತೆರೆಯಿರಿ. ಮಗುವಿಗೆ ಪೆಟ್ಟು ಬೀಳುತ್ತಿದ್ದರೆ, ಅದಕ್ಕಿಂತ ಕೆಟ್ಟದ್ದೇನೋ ನಡೆಯುತ್ತಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವೇ ಮಾಡಬಹುದು, ನೆರೆಯವರೂ ಮಾಡಬಹುದು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ಸುಮ್ಮನಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ.